ನೀರಿನ ಆಫೀಸಿನ ನಾಲ್ಕನೇ ಕಾಲಂ

ನಮ್ಮ ಊರಿನ ನೀರಿನ ಆಫೀಸಿನಲ್ಲಿ, ಒಳಗೆ ಕಾಲಿಟ್ಟ ಕೂಡಲೆ ಎಡಗಡೆಯ ಮೇಜಿನ ಮೇಲೆ, ಕೆಂಪು ರಟ್ಟಿನ ಒಂದು ದೊಡ್ಡ ರಿಜಿಸ್ಟರ್ ಇದೆ. ಅದನ್ನು ಶುರು ಮಾಡಿದವಳು ನಾನು. ಇದನ್ನು ಸ್ವಲ್ಪ ವಿನಯದಿಂದ ಹೇಳು ಎಂದು ನನ್ನ ತಂಗಿ ಬುದ್ಧಿ ಹೇಳುತ್ತಿರುತ್ತಾಳೆ. ವಿನಯ ನನಗೆ ಒಗ್ಗುವುದಿಲ್ಲ. ಆಸ್ಪತ್ರೆಯವರು ಬಂದು ಅದನ್ನು ನೋಡಿಕೊಂಡು ಹೋಗಿದ್ದಾರೆ, ರೇಷ್ಮೆಗೂಡಿನ ಮಾರುಕಟ್ಟೆಯವರು ನೋಡಿಕೊಂಡು ಹೋಗಿದ್ದಾರೆ, ಬಸ್ ಡಿಪೋದವರು ಎರಡು ಸಲ ಬಂದು ಎರಡು ಸಲವೂ ನಮ್ಮ ಕಾಫಿ ಕುಡಿದು ಹೋಗಿದ್ದಾರೆ. ಅದರ ಕಥೆಯನ್ನು ಇವತ್ತು ಹೇಳುತ್ತೇನೆ. ಏನೇನಾಯಿತು, ಯಾರ್ಯಾರಿದ್ದರು, ಎಲ್ಲವನ್ನೂ ಹೇಳುತ್ತೇನೆ. ಆದರೆ ಅದನ್ನು ನಡೆಸುವುದು ಹೇಗೆ ಎನ್ನುವುದರಲ್ಲಿ ಒಂದು ಚೂರು ಬಿಟ್ಟೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪೂರ್ತಿ ಹೇಳಿಬಿಟ್ಟರೆ ನಾಳೆ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಆಫೀಸಿಗೆ ನೀವೇ ಬರಬೇಕಾಗುತ್ತದೆ.

ನಮ್ಮ ಊರಿನಲ್ಲಿ ಕೈಗೆ ಹತ್ತಿದ ಕಸುಬನ್ನು ಇನ್ನೊಬ್ಬರಿಗೆ ಪೂರ್ತಿ ಹೇಳಿಕೊಟ್ಟರೆ, ಕೊಟ್ಟವರ ಕೈಯಿಂದ ಅದು ಹೊರಟುಹೋಗುತ್ತದೆ. ಓದು, ಬರಹ, ದಿನದ ಅನ್ನ ಸಾರು, ಇಂಥವಕ್ಕೆ ಏನೂ ಆಗುವುದಿಲ್ಲ. ಒಬ್ಬೊಬ್ಬರ ಕೈಯಲ್ಲಿ ಕುಳಿತಿರುವ ಹದ ಇರುತ್ತದಲ್ಲ, ಅದು ಮಾತ್ರ. ನನ್ನ ಅಜ್ಜಿ ಮಾವಿನ ಮಿಡಿಯ ಉಪ್ಪಿನಕಾಯಿಯನ್ನು ನಮ್ಮಮ್ಮನಿಗೆ ಹೇಳಿಕೊಟ್ಟ ಮಧ್ಯಾಹ್ನದಿಂದ ಜಾಡಿಯ ಮುಂದೆ ನೆಂಟರ ಹಾಗೆ ಕೈಕಟ್ಟಿ ಕೂರುತ್ತಿದ್ದಳು. ಕಾಗದಕ್ಕೆ ಬರೆದಿಟ್ಟರೂ ಅಷ್ಟೆ. ಬರೆದವರಿಂದ ಹೋಗುತ್ತದೆ, ಮೊದಲು ಓದಿದವರಿಗೆ ಸೇರುತ್ತದೆ, ಕಾಗದ ಬೆಳ್ಳಗಾಗುತ್ತದೆ. ಹಾಗಾಗಿ ನಮ್ಮವರು ಏನು ಹೇಳಿದರೂ ಕೊನೆಯದೊಂದು ಮಾತನ್ನು ಹಲ್ಲಿನ ಹಿಂದೆ ಇಟ್ಟುಕೊಂಡೇ ಹೇಳುತ್ತಾರೆ. ಕೆಲವರು ಅದನ್ನು ಇಟ್ಟುಕೊಂಡೇ ಸತ್ತುಹೋಗುತ್ತಾರೆ. ಚೌಕದ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ ರಂಗಾಚಾರ್ರು ಹಾಗೆಯೇ ಹೋದರು. ಹತ್ತೊಂಬತ್ತು ವರ್ಷದಿಂದ ನಮ್ಮ ಊರಿನ ಗಡಿಯಾರದಲ್ಲಿ ನಾಲ್ಕೂ ಹತ್ತು. ದಿನಕ್ಕೊಂದು ಸಲ, ಸಾಯಂಕಾಲ ಸರಿಯಾಗಿ ನಾಲ್ಕೂ ಹತ್ತಕ್ಕೆ, ಅಭ್ಯಾಸ ತಪ್ಪದಿರಲಿ ಎಂದು ಎಲ್ಲರೂ ಕತ್ತೆತ್ತಿ ನೋಡುತ್ತೇವೆ.

ನಾನು ನೀರಿನ ಆಫೀಸಿಗೆ ಗುಮಾಸ್ತೆಯಾಗಿ ಸೇರಿ ಹನ್ನೆರಡು ವರ್ಷವಾದ ಮೇಲೆ, ಮಾಹಿತಿ ನಿರ್ವಹಣೆ ಎಂಬ ತರಬೇತಿಗೆ ನನ್ನನ್ನು ಮೂರು ತಿಂಗಳು ಪರಊರಿಗೆ ಕಳಿಸಿದರು. ಅಲ್ಲಿ ಮೇಷ್ಟರೊಬ್ಬರು ನಲವತ್ತು ಜನರಿಗೆ ಒಟ್ಟಿಗೆ ಪಾಠ ಹೇಳಿ, ಮಾರನೆಯ ದಿನ ಅದೇ ಪಾಠವನ್ನು ಬೇರೆ ನಲವತ್ತು ಜನರಿಗೆ ಹೇಳುತ್ತಿದ್ದರು. ನಾನು ಬಾಯಿ ತೆರೆದುಕೊಂಡು ಕೂತಿದ್ದೆ. ಸಂಸ್ಥೆಯಲ್ಲಿ ಗೊತ್ತಿರುವುದು ನೌಕರರ ತಲೆಯಲ್ಲಿ ಇರಬಾರದು, ಬೀರುವಿನಲ್ಲಿ ಇರಬೇಕು ಎಂದು ಅವರು ಹೇಳಿಕೊಟ್ಟರು. ಬ್ಯಾಗಿನ ತುಂಬ ನೋಟ್ಸು, ತಲೆಯ ತುಂಬ ಜಂಬ ತುಂಬಿಕೊಂಡು ವಾಪಸ್ ಬಂದೆ. ಆಗ ತಾನೆ ವರ್ಗವಾಗಿ ಬಂದಿದ್ದ ಎಂಜಿನಿಯರ್ ಸಾಹೇಬರು, "ನೋಡೀಮ್ಮ ಪಂಕಜಾಕ್ಷಿ, ಮಳೆಗಾಲಕ್ಕೆ ಮುಂಚೆ ಏನಾದ್ರೂ ಮಾಡಿ. ಈ ಆಫೀಸಲ್ಲಿ ಯಾರಾದ್ರೂ ರಜ ಹಾಕಿದ್ರೆ ಒಂದು ಬೀದಿಗೆ ನೀರಿಲ್ಲ" ಎಂದರು.

ನನಗೊಂದು ಉಪಾಯ ಹೊಳೆದಿತ್ತು. ಊರು ಹುಟ್ಟಿದಾಗಿನಿಂದ ಯಾರಿಗೂ ಹೊಳೆಯದ್ದು ನನಗೆ ಹೊಳೆದಿದೆ ಎಂದು ಬಸ್ಸಿನಲ್ಲಿ ಬರುವಾಗಲೇ ನಾಲ್ಕು ಸಲ ನಕ್ಕಿದ್ದೆ. ಉಪಾಯ ಏನೆಂದರೆ, ಕಾರ್ಬನ್ ಕಾಗದ. ಎಲ್ಲರೂ ತಮ್ಮ ಕೆಲಸವನ್ನು ಕಾರ್ಬನ್ ಇಟ್ಟು ಬರೆಯುವುದು. ಮೇಲಿನ ಬಿಳಿ ಹಾಳೆಯನ್ನು ಅಲ್ಲೇ ಓದಿ ತಮ್ಮ ಕಸುಬನ್ನು ವಾಪಸ್ ಪಡೆಯುವುದು. ಕೆಳಗಿನ ನೀಲಿ ಪ್ರತಿ ಬೀರುವಿಗೆ. ಒಂದಿದ್ದದ್ದು ಎರಡಾಯಿತಲ್ಲ! ಹೆಡ್ ಕ್ಲಾರ್ಕ್ ಸುಬ್ಬರಾಯರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಇಷ್ಟು ಸುಲಭವಿದ್ದಿದ್ರೆ ನಮ್ಮ ಹಿರೀಕರು ಬಿಡ್ತಿದ್ರೇನಮ್ಮ?" ಎಂದರು. ಹಿರೀಕರ ಕಾಲದಲ್ಲಿ ಕಾರ್ಬನ್ ಇರಲಿಲ್ಲ ಎಂದು ನಾನು ಅವರ ಬಾಯಿ ಮುಚ್ಚಿಸಿದೆ.

ಒಂದು ಶುಕ್ರವಾರ ಇಡೀ ಆಫೀಸು ಕುಳಿತು ಬರೆಯಿತು. ಪೂರ್ವ ದಿಕ್ಕಿನ ವಾಲ್ವ್ ನೋಡಿಕೊಳ್ಳುವ ಮಾದೇಶ ನಾಲಿಗೆ ಹೊರಗೆ ಚಾಚಿಕೊಂಡು ಒಂದು ಪುಟ ತುಂಬ ಬರೆದ. ಎಲ್ಲರೂ ಬಿಳಿ ಹಾಳೆ ಓದಿದರು, ಹಾಳೆಗಳು ಬೆಳ್ಳಗಾದವು, ಎಲ್ಲರ ಮುಖದಲ್ಲೂ ಸಮಾಧಾನ. ನೀಲಿ ಪ್ರತಿಗಳನ್ನು ನಾನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ಮಹಾರಾಣಿಯ ಹಾಗೆ ಮನೆಗೆ ಹೋದೆ.

ಶನಿವಾರ ಬೆಳಿಗ್ಗೆ ಪೂರ್ವದ ಬೀದಿಗಳಲ್ಲಿ ಮೊಣಕಾಲುದ್ದ ನೀರು. ಮಾದೇಶ ವಾಲ್ವಿನ ಪಕ್ಕದಲ್ಲಿ ಅಳುಮುಖ ಮಾಡಿಕೊಂಡು ನಿಂತಿದ್ದ. "ತೆಗ್ಯೋದು ಗೊತ್ತು ಮೇಡಂ. ತೆಗ್ದೆ. ಮುಚ್ಚೋದು ಹೆಂಗೆ ಅಂತ ಕೈಗೆ ಬತ್ತಾನೆ ಇಲ್ಲ" ಎಂದ. ಕ್ಲೋರಿನ್ ಬೆರೆಸುವವನಿಗೆ ಅಳತೆ ಗೊತ್ತು, ಬೆರೆಸುವುದು ಗೊತ್ತಿಲ್ಲ. ದೂರು ಕೇಳುವ ಗುಮಾಸ್ತನಿಗೆ ಫೋನು ಎತ್ತುವುದು ಗೊತ್ತು, ಎತ್ತಿದ ಮೇಲೆ ಏನು ಮಾಡಬೇಕೆಂದು ಗೊತ್ತಿಲ್ಲ. ಫೋನನ್ನು ಕಿವಿಗೆ ಹಿಡಿದುಕೊಂಡು ಪಾಪ ಸುಮ್ಮನೆ ಕೂತಿದ್ದ. ಕಸುಬು ಎರಡಾಗಿರಲಿಲ್ಲ, ಎರಡು ಹೋಳಾಗಿತ್ತು. ಅರ್ಧ ಬಿಳಿ ಹಾಳೆಗೆ, ಅರ್ಧ ನೀಲಿ ಹಾಳೆಗೆ.

ಓಡಿಹೋಗಿ ಬೀರು ತೆಗೆದೆ. ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಮಾಹಿತಿ ನಿರ್ವಹಣೆ ಕಲಿತು ಬಂದ ನಾನು ಆ ನೀಲಿ ಹಾಳೆಗಳ ಮೇಲೆ ಯಾರ ಹೆಸರನ್ನೂ ಬರೆಸಿರಲಿಲ್ಲ. ಮೂವತ್ತೆಂಟು ಹಾಳೆ, ಒಂದರ ಮೇಲೊಂದು, ಯಾವುದು ಯಾರದೋ ದೇವರೇ ಬಲ್ಲ. ಸುಬ್ಬರಾಯರು, "ಕೊಡೀಮ್ಮ ಇಲ್ಲಿ, ಯಾವುದು ಯಾರದು ಅಂತ ನಾನು ನೋಡ್ತೀನಿ" ಎಂದು ಮೇಲಿನದನ್ನು ಕೈಗೆತ್ತಿಕೊಂಡರು. ಯಾರದು ಎಂದು ನೋಡಲು ಓದತೊಡಗಿದವರು, ನೋಡುತ್ತ ನೋಡುತ್ತ ಕೊನೆಯವರೆಗೂ ಓದಿಬಿಟ್ಟರು. ಹಾಳೆ ಅವರ ಕೈಯಲ್ಲೇ ಬೆಳ್ಳಗಾಯಿತು. ರಾಯರು ಒಂದು ನಿಮಿಷ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. ಆಮೇಲೆ ಎದ್ದು, ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡು, ಪಂಚೆ ಎತ್ತಿ ಕಟ್ಟಿ, ನೀರಿನಲ್ಲಿ ನಡೆದುಹೋಗಿ ಪೂರ್ವದ ವಾಲ್ವನ್ನು ಮುಚ್ಚಿ ಬಂದರು. ಜೀವಮಾನದಲ್ಲಿ ಬಚ್ಚಲಿನ ನಲ್ಲಿ ಬಿಟ್ಟರೆ ಬೇರೇನನ್ನೂ ತಿರುಗಿಸಿದವರಲ್ಲ ಅವರು.

ಉಳಿದವರಿಗೆ ಅವರವರ ಹಾಳೆಗಳನ್ನು, ಮೊದಲ ಸಾಲು ಮಾತ್ರ ಇಣುಕಿ ನೋಡಿ, ಸಂಜೆಯವರೆಗೆ ಹುಡುಕಿ ಕೊಟ್ಟೆ. ರಾಯರಿಗೆ ಮಾತ್ರ, "ಮಾದೇಶನದು ಮಾದೇಶನಿಗೆ ಹೇಳಿಕೊಟ್ಟುಬಿಡಿ ಸಾರ್" ಎಂದು ಎಷ್ಟು ಸಲ ಹೇಳಿದರೂ ಕೇಳಲಿಲ್ಲ. "ಹೇಳಲ್ಲ ಹೋಗೀಮ್ಮ. ಇಪ್ಪತ್ತೆಂಟು ವರ್ಷ ಫೈಲು ಕಟ್ಟಿದೆ. ನಾನು ಕೈಯಿಟ್ಟಿದ್ದಕ್ಕೆ ಏನಾದ್ರೂ ನಿಂತದ್ದು ಅಂತ ನೋಡಿದ್ದು ಇವತ್ತೇ" ಎಂದರು. ಇವತ್ತಿಗೂ ದಿನಾ ಬೆಳಿಗ್ಗೆ ಮಾದೇಶ ಪೂರ್ವದ ವಾಲ್ವ್ ತೆಗೆಯುತ್ತಾನೆ, ಒಂದು ಗಂಟೆ ಬಿಟ್ಟು ರಾಯರು ಕೊಡೆ ಹಿಡಿದುಕೊಂಡು ಹೋಗಿ ಮುಚ್ಚುತ್ತಾರೆ. ಅವರು ನಿವೃತ್ತರಾಗಿ ಎಷ್ಟೋ ವರ್ಷವಾಯಿತು. ಸಂಬಳವಿಲ್ಲದಿದ್ದರೂ ಒಂದು ದಿನ ತಪ್ಪಿಸಿಲ್ಲ.

ಊರೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ನಾನು ಎರಡು ದಿನ ತಲೆನೋವು ಎಂದು ರಜ ಹಾಕಿದೆ. ಮೂರನೆಯ ದಿನ ಆಫೀಸಿಗೆ ಹೋದಾಗ ಪೂರ್ವದ ಬೀದಿಯ ಹೆಂಗಸೊಬ್ಬರು ಬಂದು, "ಈಗ ನಮ್ಮ ಬೀದಿ ನೀರು ಮುಚ್ಚೋರು ಯಾರಮ್ಮ?" ಎಂದು ಕೇಳಿದರು. ಸುಬ್ಬರಾಯರು ಎಂದೆ. ಅವರ ಹಿಂದೆ ಇನ್ನೊಬ್ಬರು ಬಂದು ಅದನ್ನೇ ಕೇಳಿದರು. ಸುಬ್ಬರಾಯರು ಎಂದೆ. ಮಧ್ಯಾಹ್ನದೊಳಗೆ ಇಪ್ಪತ್ತು ಜನರಿಗೆ ಹೇಳಿದ್ದೆ, ಇಪ್ಪತ್ತನೆಯವರಿಗೆ ಹೇಳುವಾಗಲೂ ಅದು ನನಗೆ ಗೊತ್ತೇ ಇತ್ತು! ಹೇಗೆ ಎನ್ನುವುದು ಹೇಳಿದರೆ ಹೋಗುತ್ತದೆ. ಯಾರು ಎನ್ನುವುದು ಸಾವಿರ ಜನರಿಗೆ ಹೇಳಿದರೂ ಹೋಗುವುದಿಲ್ಲ. ಹುಟ್ಟಿದಂದಿನಿಂದ ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಇದರಿಂದ ಒಂದು ಆಫೀಸನ್ನು ಕಟ್ಟಬಹುದು ಎಂದು ಯಾರೂ ಯೋಚಿಸಿರಲಿಲ್ಲ.

ಅವತ್ತೇ ಕೆಂಪು ರಟ್ಟಿನ ರಿಜಿಸ್ಟರ್ ತರಿಸಿ ಮೂರು ಕಾಲಂ ಗೆರೆ ಎಳೆದೆ. ಕೆಲಸ, ಯಾರಿಗೆ ಗೊತ್ತು, ಮುಂದೆ ಯಾರಿಗೆ. ಕೆಲಸವನ್ನು ಯಾರ ತಲೆಯಿಂದಲೂ ತೆಗೆಯುವುದಿಲ್ಲ, ಅದು ಯಾರ ತಲೆಯಲ್ಲಿದೆ ಎಂದು ಬರೆದಿಡುತ್ತೇವೆ, ಅವರ ನಂತರ ಯಾರು ಎಂದು ಈಗಲೇ ಗೊತ್ತು ಮಾಡಿಕೊಳ್ಳುತ್ತೇವೆ. ಅಷ್ಟೆ. ಅರ್ಧ ಕಸುಬಿನಿಂದ ಅರ್ಧ ಹೊತ್ತು ಖಾಲಿಯಿದ್ದ ಮಾದೇಶನನ್ನು ಜೊತೆಗೆ ಹಾಕಿಕೊಂಡೆ. ಅವನಿಗೆ ಜನರ ಜೊತೆ ಕಟ್ಟೆಯ ಮೇಲೆ ಕೂತು ಮಾತಾಡಿಸುವ ಗುಣ ಇತ್ತು, ನನಗೆ ಇರಲಿಲ್ಲ. ಮೊದಲು ಎಲ್ಲರೂ ನನ್ನನ್ನು ಕಂಡರೆ ಬಾಯಿ ಹೊಲಿದುಕೊಳ್ಳುತ್ತಿದ್ದರು. ಹೇಗೆ ಎಂದು ಕೇಳುವುದಿಲ್ಲ, ಯಾರು ಎಂದಷ್ಟೇ ಕೇಳುತ್ತೇವೆ ಎಂದು ಖಾತ್ರಿಯಾದ ಮೇಲೆ ಒಬ್ಬೊಬ್ಬರಾಗಿ ಬಂದರು. ಎರಡು ತಿಂಗಳಲ್ಲಿ ಅರವತ್ತನಾಲ್ಕು ಕೆಲಸಗಳು ಸಾಲಾಗಿ ನಿಂತವು. ಮೂರನೆಯ ಕಾಲಂ ಒಂದೊಂದೇ ತುಂಬಿತು. ಒಂದು ಸಾಲಿನದು ಮಾತ್ರ ತುಂಬಲಿಲ್ಲ, ಅದೇ ಮೊದಲನೆಯ ಸಾಲು. ಕೆಲಸ: ದೊಡ್ಡ ಕೆರೆಯ ತೂಬು. ಯಾರಿಗೆ ಗೊತ್ತು: ಜವರಯ್ಯ. ಮುಂದೆ ಯಾರಿಗೆ: ಏನಿಲ್ಲ.

ನಮ್ಮ ಊರಿನ ನೀರೆಲ್ಲ ಬರುವುದು ಆ ತೂಬಿನಿಂದ. ಕೆರೆ ತುಂಬಿದಾಗ ಎರಡು ಕಲ್ಲುಕಂಬಗಳ ನಡುವಿನ ಕಬ್ಬಿಣದ ಕಂಬಿಯನ್ನು ಇಷ್ಟಿಷ್ಟೇ ಎತ್ತಬೇಕು. ಹೆಚ್ಚು ಎತ್ತಿದರೆ ಏರಿ ಕುಸಿಯುತ್ತದೆ, ಕಡಿಮೆ ಎತ್ತಿದರೆ ಹೂಳು ಬಂದು ಕಾಲುವೆ ಕಟ್ಟುತ್ತದೆ. ನೀರಗಂಟಿ ಜವರಯ್ಯ ನಲವತ್ತಾರು ವರ್ಷ ಅದನ್ನು ಎತ್ತಿದವನು. ನಿವೃತ್ತಿ ಕೊಟ್ಟರೆ ಬೇರೆ ಯಾರೂ ಇಲ್ಲವೆಂದು ಮೂರು ಸಲ ಮುಂದಕ್ಕೆ ಹಾಕಿದ್ದರು. ಈಗ ಅವನ ಕೈ ನಡುಗುತ್ತಿತ್ತು, ಕೆಮ್ಮಿದರೆ ಏರಿಯ ಆ ತುದಿಗೆ ಕೇಳಿಸುತ್ತಿತ್ತು. ಮಳೆಗೆ ಇನ್ನು ಒಂದೂವರೆ ತಿಂಗಳು. ಅವನು ಹೇಳದೆ ಹೋದರೆ ಗಡಿಯಾರ ನಿಂತ ಹಾಗೆ ಊರಿನ ನೀರು ನಿಲ್ಲುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಕಲಿಯಲು ಪಂಪ್‌ಹೌಸಿನ ನೂರ್‌ಜಾನ್ ಸಿದ್ಧವಿದ್ದಳು. ಗಟ್ಟಿಮುಟ್ಟಾದ ಹೆಂಗಸು, ಮೋಟಾರಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುವವಳು. ಸಾಹೇಬರು ಎರಡು ಸಲ ಹೋಗಿ ಕೇಳಿದ್ದರು. ಜವರಯ್ಯ ಎರಡು ಸಲವೂ ಬೀಡಿ ಹಚ್ಚಿ ಕೆರೆಯ ಕಡೆ ನೋಡುತ್ತ ಕೂತಿದ್ದ.

ನಾನೇ ಹೋದೆ. ಬೆಳಿಗ್ಗೆ ಹತ್ತರ ಬಿಸಿಲು. ತೂಬಿನ ಪಕ್ಕದ ಚಪ್ಪಡಿಯ ಮೇಲೆ ಕೂತಿದ್ದವನು ನನಗೂ ಜಾಗ ಬಿಟ್ಟ.

"ಜವರಯ್ಯನವರೆ, ನಾನೇನೂ ಕಿತ್ತುಕೊಳ್ಳೋಕೆ ಬಂದಿಲ್ಲ" ಎಂದೆ.

"ಗೊತ್ತು ಕಣವ್ವ. ನಿನ್ ಪುಸ್ತಕದ ಸುದ್ದಿ ಎಲ್ಲಾ ಕೇಳಿವ್ನಿ. ಅದ್ರಾಗೆ ಯಾರ್ಯಾರ ಹೆಸ್ರಿದ್ದದು, ಹೇಳು ನೋಡನ."

ನೆನಪಿದ್ದಷ್ಟು ಹೇಳಿದೆ. ಪೂರ್ವದ ವಾಲ್ವು ಮಾದೇಶ ಮತ್ತು ಸುಬ್ಬರಾಯರು, ಮುಂದೆ ಇಂಥವರಿಗೆ. ಪಂಪು ನೂರ್‌ಜಾನ್, ಮುಂದೆ ಇಂಥವರಿಗೆ. ಅವನು ತಲೆಯಾಡಿಸುತ್ತ ಕೇಳಿದ.

"ಮಾದೇಸುಂಗೆ ಆ ಕೆಲ್ಸ ಕಲ್ಸಿದ್ದು ಕಾಳಪ್ಪ. ಎಲ್ಲವ್ವ ಕಾಳಪ್ಪನ ಹೆಸ್ರು?"

"ಕಾಳಪ್ಪನಿಗೆ ಈಗ ಅದು ಗೊತ್ತಿಲ್ಲವಲ್ಲ" ಎಂದೆ.

"ಅಂಗಾರೆ ನಾನೂ ಹೇಳ್ಕೊಟ್ ಮ್ಯಾಲೆ ನನ್ ಹೆಸ್ರ ಹೊಡ್ದಾಕ್ತೀಯ."

ಹೌದು, ಹೊಡೆದುಹಾಕುತ್ತಿದ್ದೆ. ಕೆಂಪು ಶಾಯಿಯಲ್ಲಿ, ಅಡ್ಡಪಟ್ಟಿ ಇಟ್ಟು, ನೀಟಾಗಿ. ಹಾಗೆ ಹೊಡೆದುಹಾಕುವುದು ನನ್ನ ಪದ್ಧತಿಯ ಒಂದು ಹೆಗ್ಗಳಿಕೆ ಎಂದೇ ಅಂದುಕೊಂಡಿದ್ದೆ.

ಜವರಯ್ಯ ಬೀಡಿಯನ್ನು ಕಲ್ಲಿಗೆ ಒರೆಸಿ ಆರಿಸಿದ. "ನಂಗೆ ಇದ ಕೊಟ್ಟೋನು ನಮ್ ಸೋದರ್ಮಾವ ಸಣ್ಣಯ್ಯ. ನಂಗಾಗ ಇಪ್ಪತ್ತೊಂದು. ಕೊಟ್ ಮ್ಯಾಲೂ ಅವ್ನು ದಿನಾ ಬರೋನು, ಇದೇ ಕಲ್ ಮ್ಯಾಲೆ ಕುಂತ್ಕಳೋನು. ಒಂದಿನ ನಾನು ಕಂಬಿ ಎತ್ತಾ ಇವ್ನಿ, ಊರ್ ಜನ ಎಲ್ಲಾ ನಿಂತವ್ರೆ. ಅವ್ನು ಎದ್ ಬಂದು, ಮಗ, ಕಂಬಿ ಹಿಂಗ್ ಹಿಡ್ಕೊ ಅಂದ. ಅದು ತಪ್ಪು ಕಣವ್ವ. ಅವ್ನಿಗ್ ಅದು ಹೊಂಟೋಗಿತ್ತು. ನಾನು, ನಿಂಗೇನ್ ಗೊತ್ತು ಸುಮ್ಕಿರು ಅಂದ್ಬುಟ್ಟೆ. ಎಲ್ರೂ ನಕ್ರು. ಮಾರ್ನೆ ದಿನದಿಂದ ಅವ್ನು ಈ ಕಡೀಕೆ ಬರ್ನಿಲ್ಲ." ಸ್ವಲ್ಪ ಹೊತ್ತು ಕೆಮ್ಮಿದ. "ಹೇಳ್ಕೊಡಕೆ ನಂಗೇನ್ ಕಷ್ಟ ಇಲ್ಲ. ಹೇಳ್ಕೊಟ್ ಮಾರ್ನೆ ದಿನ ನಾನ್ಯಾರು ಅಂತ. ಅದ್ ಹೇಳು ಮೊದ್ಲು."

ನನಗೆ ಅಜ್ಜಿ ನೆನಪಾದಳು. ಜಾಡಿಯ ಮುಂದೆ ಕೈಕಟ್ಟಿ ಕೂತ ಅವಳನ್ನು ನಾವು ಮಕ್ಕಳು, "ಅಜ್ಜೀ, ಉಪ್ಪು ಎಷ್ಟು?" ಎಂದು ಕೇಳಿ ಕೇಳಿ ಆಟ ಆಡಿಸುತ್ತಿದ್ದೆವು. ಅವಳು ನಗುತ್ತಿದ್ದಳು. ಅದು ನಗುವಲ್ಲ ಎಂದು ಆ ಕಲ್ಲಿನ ಮೇಲೆ ಕೂತಾಗ ತಿಳಿಯಿತು. ನಾಚಿಕೆಯಾಯಿತು.

ಆಫೀಸಿಗೆ ಬಂದು ನಾಲ್ಕನೆಯ ಕಾಲಂ ಎಳೆಯಲು ಕೂತೆ. ಪುಟದಲ್ಲಿ ಜಾಗ ಇರಲಿಲ್ಲ. ಬಿಳಿ ಕಾಗದವನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಪ್ರತಿಯೊಂದು ಪುಟದ ಬಲ ಅಂಚಿಗೂ ಮೈದಾ ಅಂಟಿನಿಂದ ಅಂಟಿಸಿದೆ. ಈಗಲೂ ಆ ಮೊದಲ ಪುಟಗಳು ಮಿಕ್ಕವುಗಳಿಗಿಂತ ಹೊರಗೆ ಚಾಚಿಕೊಂಡಿವೆ, ನೋಡಬಹುದು. ಮೇಲೆ ಬರೆದೆ: ಯಾರಿಂದ ಬಂತು.

ಮಾದೇಶನೂ ನಾನೂ ಬೀದಿ ಬೀದಿ ತಿರುಗಿದೆವು. ಕೊಟ್ಟು ಖಾಲಿಯಾಗಿ ಮನೆ ಸೇರಿದ್ದವರನ್ನೆಲ್ಲ ಹುಡುಕಿದೆವು. ಕಾಳಪ್ಪ ತರಕಾರಿ ಅಂಗಡಿಯ ಮುಂದೆ ಕೂತಿದ್ದ. ವಾಲ್ವ್ ಎಂದರೆ ಏನೆಂದು ಕೇಳಿದರೆ ಹೆಗಲು ಕುಣಿಸುತ್ತಿದ್ದವನು, "ನಿಮ್ಮ ಹೆಸರು ಪುಸ್ತಕದಲ್ಲಿ ಹಾಕ್ತಾ ಇದ್ದೀವಿ" ಎಂದಾಗ ಎದ್ದು ನಿಂತು ಶರ್ಟಿನ ಗುಂಡಿ ಹಾಕಿಕೊಂಡ. ಮಾರನೆಯ ದಿನ ಆಫೀಸಿಗೆ ಬಂದ, ಇಸ್ತ್ರಿ ಮಾಡಿದ ಪಂಚೆ, ಜೊತೆಗೆ ಹೆಂಡತಿ. ಅವನ ಸಾಲನ್ನು ಓದಿ ಹೇಳಿದೆ. "ಅಕ್ಕ, ಅಲ್ಲಿ ಕಾಳಪ್ಪ ಅಂತ ಬರ್ದೈತಾ?" ಎಂದು ಅವನ ಹೆಂಡತಿ ಬಗ್ಗಿ ನೋಡಿದಳು. ಆ ವಾರವೆಲ್ಲ ಹಾಗೆಯೇ. ಎಷ್ಟೋ ವರ್ಷದಿಂದ ಆಫೀಸಿನ ಹೊಸ್ತಿಲು ತುಳಿಯದವರು ಸಾಲಾಗಿ ಬಂದು ತಮ್ಮ ಹೆಸರು ಓದಿಸಿಕೊಂಡು ಹೋದರು. ಸುಬ್ಬರಾಯರು ಅವರಿಗೆಲ್ಲ ಕುರ್ಚಿ ಹಾಕಿದರು. ನಾನು ಆ ವಾರ ಎಷ್ಟು ಬೀಗಿದೆನೆಂದರೆ ತಂಗಿ ನನ್ನ ಜೊತೆ ಮಾತು ಬಿಟ್ಟಳು.

ಎಂಟನೆಯ ದಿನ ಮಾದೇಶ ರಿಜಿಸ್ಟರನ್ನು ತಲೆಯ ಮೇಲೆ ಹೊತ್ತುಕೊಂಡ, ಮೂವರೂ ಕೆರೆಗೆ ಹೋದೆವು. ನಾನು, ಮಾದೇಶ, ನೂರ್‌ಜಾನ್. ಚಪ್ಪಡಿಯ ಮೇಲೆ ಮೊದಲನೆಯ ಪುಟ ಬಿಡಿಸಿ, ಜವರಯ್ಯನಿಗೆ ಅಂಟಿಸಿದ ಪಟ್ಟಿಯನ್ನು ಮುಟ್ಟಿ ತೋರಿಸಿದೆ. "ಇಲ್ಲಿ ಬರೆದದ್ದನ್ನ ಯಾರೂ ಹೊಡೆದುಹಾಕೋ ಹಾಗಿಲ್ಲ. ಈಗ ನಿಮಗೆ ಯಾರಿಂದ ಬಂತು ಹೇಳಿ."

"ಸಣ್ಣಯ್ಯ" ಎಂದ. ಬರೆದೆ. ಅವನು ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಓದಲು ಬರುತ್ತಿರಲಿಲ್ಲ, ಆದರೂ ನೋಡಿದ. "ಸಣ್ಣಯ್ಯಂಗೆ ಅವ್ರಪ್ಪ ಕರಿಯಯ್ಯ. ಕರಿಯಯ್ಯಂಗೆ ಮುದ್ದಮ್ಮ."

"ಹೆಂಗಸಾ?" ಎಂದಳು ನೂರ್‌ಜಾನ್. ಹೆಂಗಸರು ತೂಬಿಗೆ ಕೈ ಹಚ್ಚುವುದು ಎಲ್ಲಾದರೂ ಉಂಟೆ ಎಂದು ಊರಿನಲ್ಲಿ ನಾಲ್ಕು ಜನ ಗೊಣಗುತ್ತಿದ್ದುದು ಅವಳ ಕಿವಿಗೂ ಬಿದ್ದಿತ್ತು.

"ಊಂ ಮತ್ತೆ. ಗಂಡ ಸತ್ತೋದ್ಮೇಲೆ ಅವ್ಳೇ ಇಪ್ಪತ್ ವರ್ಸ ಎತ್ತಿದ್ದು. ಬರ್ಕೊ ಅವ್ವ. ಮುದ್ದಮ್ಮಂಗೆ ಅವ್ಳ ಗಂಡ ದ್ಯಾವಯ್ಯ, ಅವ್ನಿಗೆ ಬೊಮ್ಮಯ್ಯ, ಬೊಮ್ಮಯ್ಯಂಗೆ ಕಟ್ಟೆ ಹಲಗಯ್ಯ. ಹಲಗಯ್ಯನೇ ಕೆರೆ ಕಟ್ದಾಗ ಕಂಬಿ ನೆಟ್ಟೋನಂತೆ." ಪಟ್ಟಿ ಸಾಲಲಿಲ್ಲ, ಕೆಳಗೆ ಇನ್ನೊಂದು ಅಂಟಿಸಬೇಕಾಯಿತು. ಒಟ್ಟು ಆರು ಹೆಸರು. ಒಂದು ಸಲ ಎಲ್ಲವನ್ನೂ ಗಟ್ಟಿಯಾಗಿ ಓದಿದೆ. ಜವರಯ್ಯ, "ಇನ್ನೊಂದ್ ಕಿತ ಓದು" ಎಂದ. ಓದಿದೆ. ಹೆಸರುಗಳು ಎಲ್ಲಿಗೂ ಹೋಗಲಿಲ್ಲ, ಪಟ್ಟಿಯ ಮೇಲೆ ಹಾಗೇ ಇದ್ದವು.

ಅವನು ಎದ್ದು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಬಾ ಮಗ" ಎಂದು ನೂರ್‌ಜಾನ್‌ಳನ್ನು ಕರೆದ.

ಮಾದೇಶನೂ ನಾನೂ ಏರಿಯ ಆ ತುದಿಗೆ ಹೋಗಿ ನಿಂತೆವು. ನಮ್ಮ ಕಿವಿಗೆ ಬಿದ್ದರೆ ಹೋಳಾಗುತ್ತದಲ್ಲ. ಕಾರ್ಬನ್ ಕಾಗದದ ಪಾಠವನ್ನು ನಾನು ಮರೆತಿರಲಿಲ್ಲ. ದೂರದಿಂದ ನೋಡಿದರೆ ಒಬ್ಬ ಮುದುಕ ಒಬ್ಬ ಹೆಂಗಸಿಗೆ ಕೆರೆ ತೋರಿಸುತ್ತಿದ್ದ ಹಾಗೆ ಕಾಣುತ್ತಿತ್ತು. ನಡುನಡುವೆ ಕಂಬಿ ಹಿಡಿದು, ಕಿವಿ ಇಟ್ಟು, ಕಾಲಿನಿಂದ ಕಲ್ಲು ತಟ್ಟಿ ಏನೋ ಹೇಳುತ್ತಿದ್ದ. ಎರಡು ಗಂಟೆ ಹಿಡಿಯಿತು. ಕೊನೆಗೆ ಅವನು ಅವಳ ಕಿವಿಯ ಹತ್ತಿರ ಬಗ್ಗಿ ಒಂದೇ ಒಂದು ಮಾತು ಹೇಳಿದ. ಅದು ಹಲ್ಲಿನ ಹಿಂದಿನ ಮಾತು ಎಂದು ಅಷ್ಟು ದೂರದಿಂದಲೂ ಗೊತ್ತಾಯಿತು. ನೂರ್‌ಜಾನ್‌ಳ ಕೈ ತಾನಾಗಿ ಕಂಬಿಯ ಮೇಲೆ ಹೋಗಿ ಕೂತಿತು. ಜವರಯ್ಯ ತನ್ನ ಕೈಗಳನ್ನು ಮುಂದೆ ಚಾಚಿ ಹಿಂದುಮುಂದು ತಿರುಗಿಸಿ ನೋಡಿಕೊಂಡ. ನಾವು ಹತ್ತಿರ ಹೋದಾಗ, "ಅಗುರಾಗೋಯ್ತು ಕಣವ್ವ" ಎಂದ. ಆಮೇಲೆ ಕಂಬಿಯನ್ನು ತೋರಿಸಿ, "ಇದ್ನ ಯಾವ ಕಡೆಯಿಂದ ಹಿಡ್ಕತಾರೆ?" ಎಂದು ಕೇಳಿದ. ನನಗೆ ಅಳು ಬಂತು. ಅಲ್ಲೇ ನಿಂತು ಅತ್ತೆ.

ಆ ವರ್ಷ ಮಳೆ ಬೇಗ ಬಂತು. ಮೂರು ವಾರಕ್ಕೆ ಕೆರೆ ತುಂಬಿತು. ತೂಬು ಎತ್ತುವ ದಿನ ಏರಿಯ ಮೇಲೆ ಅರ್ಧ ಊರೇ ನೆರೆದಿತ್ತು. ನೂರ್‌ಜಾನ್ ಸೆರಗು ಸೊಂಟಕ್ಕೆ ಸಿಗಿಸಿ ಕಂಬಿಯ ಹತ್ತಿರ ನಿಂತಿದ್ದಳು. ಅವಳ ಪಕ್ಕದಲ್ಲಿ, ಕೈಬೀಸಿದರೆ ತಗಲುವಷ್ಟು ಹತ್ತಿರ, ಜವರಯ್ಯ. ಸಾಹೇಬರು ಊರಿಗೆ ಹೊಸಬರು, ನಮ್ಮ ಸೂಕ್ಷ್ಮಗಳು ಅವರಿಗೆ ಇನ್ನೂ ಹತ್ತಿರಲಿಲ್ಲ. "ಅಜ್ಜ, ಕೆಲಸ ನಡೀತಾ ಇದೆ. ಸ್ವಲ್ಪ ಆ ಕಡೆ ಹೋಗಿ, ಅಡ್ಡ ಆಗ್ತೀರಿ" ಎಂದರು. ಕೆಟ್ಟದಾಗಿ ಹೇಳಲಿಲ್ಲ, ಸುಮ್ಮನೆ ಹೇಳಿದರು. ಜವರಯ್ಯ ಒಂದು ಹೆಜ್ಜೆ ಹಿಂದೆ ಸರಿದ.

ನೂರ್‌ಜಾನ್ ಕಂಬಿಯಿಂದ ಕೈ ತೆಗೆದಳು. "ಸಾರ್, ಅವರು ಇಲ್ಲೇ ನಿಲ್ತಾರೆ. ಪುಸ್ತಕದಲ್ಲಿ ಮೊದಲನೇ ಸಾಲು ನೋಡಿ. ಇದು ನನಗೆ ಅವರಿಂದ ಬಂದದ್ದು" ಎಂದಳು. "ಅವರು ನಿಂತ್ರೆ ಎತ್ತೀನಿ, ಇಲ್ಲಾಂದ್ರೆ ಇಲ್ಲ."

ಜನರೆಲ್ಲ ಸಾಹೇಬರನ್ನು ನೋಡಿದರು. ಸಾಹೇಬರು ನನ್ನನ್ನು ನೋಡಿದರು. ಅವಳು ಹೇಳಿದ್ದು ಸರಿ ಎಂದು ತಲೆಯಾಡಿಸಿದೆ. ಆ ಮನುಷ್ಯ ಒಳ್ಳೆಯವರು, ತಾವೇ ಹೋಗಿ ಜವರಯ್ಯನ ಕೈಹಿಡಿದು ಮೊದಲಿನ ಜಾಗದಲ್ಲಿ ತಂದು ನಿಲ್ಲಿಸಿದರು. ಜವರಯ್ಯ ಜನರನ್ನೊಮ್ಮೆ, ಕೆರೆಯನ್ನೊಮ್ಮೆ ನೋಡಿದ. ಏನು ಮಾಡಬೇಕೆಂದು ತೋಚಲಿಲ್ಲವೋ ಏನೋ, ಮುಂದೆ ಬಗ್ಗಿ ನೂರ್‌ಜಾನ್‌ಳ ಕೈಗಳನ್ನು ಕಂಬಿಯ ಮೇಲಿಟ್ಟು, "ಮಗ, ಕಂಬಿ ಹಿಂಗ್ ಹಿಡ್ಕೊ" ಎಂದ.

ಅದು ತಪ್ಪು. ಅವಳ ಹುಬ್ಬು ಒಂದು ಕ್ಷಣ ಮೇಲೆ ಹೋದದ್ದನ್ನು ನೋಡಿ ನನಗೂ ಗೊತ್ತಾಯಿತು.

"ಆಯ್ತು ತಾತ, ಹಂಗೇ ಹಿಡ್ಕೋತೀನಿ" ಎಂದಳು. ಅವನು ಹೇಳಿದ ಹಾಗೆಯೇ ಹಿಡಿದು, ಅವನು ತೃಪ್ತಿಯಿಂದ ಹಿಂದೆ ಸರಿದು ಕಲ್ಲಿನ ಮೇಲೆ ಕೂರುವವರೆಗೂ ಹಾಗೇ ನಿಂತಳು. ಆಮೇಲೆ ಮೆಲ್ಲನೆ ಕೈ ಬದಲಾಯಿಸಿ ಕಂಬಿ ಎತ್ತಿದಳು. ಕಾಲುವೆಯಲ್ಲಿ ನೀರು ತಿಳಿಯಾಗಿ ಬಂತು, ಒಂದು ಹಿಡಿ ಹೂಳಿಲ್ಲ. ಯಾರೂ ನಗಲಿಲ್ಲ. ನನ್ನ ರಿಜಿಸ್ಟರು ಏನು ಮಾಡಿತು ಎಂದು ಯಾರಾದರೂ ಕೇಳಿದರೆ ನಾನು ಅರವತ್ತನಾಲ್ಕು ಸಾಲಿನ ಲೆಕ್ಕ ಕೊಡುವುದಿಲ್ಲ, ಅವತ್ತು ಆ ಏರಿಯ ಮೇಲೆ ಯಾರೂ ನಗಲಿಲ್ಲ ಎಂದು ಹೇಳುತ್ತೇನೆ.

ಜವರಯ್ಯ ಇನ್ನೂ ಆರು ವರ್ಷ ಇದ್ದ. ತಿಂಗಳಿಗೊಂದು ಸಲ ಆಫೀಸಿಗೆ ಬಂದು, ಸುಬ್ಬರಾಯರು ಹಾಕಿದ ಕುರ್ಚಿಯಲ್ಲಿ ಕೂತು, ಮೊದಲನೆಯ ಸಾಲು ಓದಿಸಿಕೊಳ್ಳುತ್ತಿದ್ದ. ನೂರ್‌ಜಾನ್, ಜವರಯ್ಯ, ಸಣ್ಣಯ್ಯ, ಕರಿಯಯ್ಯ, ಮುದ್ದಮ್ಮ, ದ್ಯಾವಯ್ಯ, ಬೊಮ್ಮಯ್ಯ, ಕಟ್ಟೆ ಹಲಗಯ್ಯ. "ಇನ್ನೊಂದ್ ಕಿತ" ಎನ್ನುತ್ತಿದ್ದ. ಎಂಥ ಕೆಲಸವಿದ್ದರೂ ಬಿಟ್ಟು ಇನ್ನೊಂದು ಸಲ ಓದುತ್ತಿದ್ದೆ.

ಈಗ ನನ್ನ ಸರದಿ. ಈ ತಿಂಗಳ ಕೊನೆಗೆ ನಾನು ನಿವೃತ್ತಳು. ರಿಜಿಸ್ಟರನ್ನು ನಡೆಸುವುದೂ ಒಂದು ಕಸುಬೇ. ಯಾರನ್ನು ಯಾವಾಗ ಕೇಳಬೇಕು, ಯಾರನ್ನು ಕೇಳಬಾರದು, ಮೂರನೆಯ ಕಾಲಂ ತುಂಬದೆ ಮೊಂಡು ಹಿಡಿದವರ ಮುಂದೆ ಎಷ್ಟು ಹೊತ್ತು ಸುಮ್ಮನೆ ಕೂರಬೇಕು, ಇದೆಲ್ಲ ಹದಿನೇಳು ವರ್ಷದಲ್ಲಿ ನನ್ನ ಕೈಗೆ ಹತ್ತಿದ್ದು. ನಾಳೆ ಅದನ್ನು ಮಾದೇಶನಿಗೆ ಹೇಳಿಕೊಡುತ್ತೇನೆ. ನಿಮಗೆ ಬಿಟ್ಟು ಹೇಳಿದ ಆ ಚೂರನ್ನೂ ಸೇರಿಸಿ. ಅವನು ಮೂರು ದಿನದಿಂದ ನನ್ನ ಮುಖ ನೋಡಲು ಹಿಂಜರಿಯುತ್ತಿದ್ದಾನೆ. "ಇನ್ನೊಂದ್ ವಾರ ಬುಟ್ಟು ಮಾಡನ ಮೇಡಂ" ಎನ್ನುತ್ತಾನೆ. ಬೇಡ ಎಂದಿದ್ದೇನೆ. ಭಯವಿಲ್ಲ ಎಂದರೆ ಸುಳ್ಳಾಗುತ್ತದೆ. ನಾಳೆ ಮಧ್ಯಾಹ್ನ ಆ ಕೆಂಪು ರಟ್ಟನ್ನು ನೋಡಿ, ಇದು ಏತಕ್ಕೆ ಎಂದು ನಾನೇ ಕೇಳಬಹುದು.

ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ ಕೊನೆಯ ಪುಟ ತೆಗೆದು ಹೊಸ ಸಾಲು ಬರೆದೆ. ಕೆಲಸ: ಈ ರಿಜಿಸ್ಟರ್. ಯಾರಿಗೆ ಗೊತ್ತು: ಮಾದೇಶ. ಮುಂದೆ ಯಾರಿಗೆ: ಅದನ್ನು ಅವನು ತುಂಬಬೇಕು. ನಾಲ್ಕನೆಯ ಕಾಲಂನಲ್ಲಿ ಪಂಕಜಾಕ್ಷಿ ಎಂದು ದೊಡ್ಡ ಅಕ್ಷರದಲ್ಲಿ, ಸ್ವಲ್ಪವೂ ವಿನಯವಿಲ್ಲದೆ ಬರೆದೆ. ಅದರ ಕೆಳಗೆ, ನನಗೆ ಯಾರಿಂದ ಬಂತು ಎನ್ನುವಲ್ಲಿ, ಪರಊರಿನ ಮೇಷ್ಟರ ಹೆಸರು ಬರೆಯಬೇಕೇನೋ. ನಾನು ಜವರಯ್ಯ ಎಂದು ಬರೆದೆ. ಅವನ ಕೆಳಗೆ ಸಣ್ಣಯ್ಯ.

ಮಾದೇಶನಿಗೆ ಒಂದೇ ಒಂದು ಮಾತು ಹೇಳಿಟ್ಟಿದ್ದೇನೆ. ತಿಂಗಳಿಗೊಂದು ಸಲ ಬರುತ್ತೇನೆ, ಕುರ್ಚಿ ಹಾಕು. ಆ ಸಾಲು ಓದು. ನಾನು ಇನ್ನೊಂದು ಸಲ ಎಂದರೆ, ಇನ್ನೊಂದು ಸಲ ಓದು.